ಮಗು ಹೋದ ಮನೆಯಲ್ಲಿ ವೃದ್ಧ ತಂದೆ ತಾಯಿ

(ಜೆಪ್ಪುವಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಮಯ್ಯಿತ್ ಮನೆಗೆ ಹೋದಾಗ ಒಂದು ಮಾತು ನಮ್ಮ ಬಾಯಿಗೆ ಬಹಳ ಬೇಗ ಬರುತ್ತದೆ. “ಸಬ್ರ್ ಮಾಡು, ನೀನೇ ಹೀಗೆ ಕೂತರೆ ಉಮ್ಮನನ್ನು ನೋಡಿಕೊಳ್ಳುವವರು ಯಾರು?” ಮಗನನ್ನೋ ಮಗಳನ್ನೋ ಆಗಷ್ಟೇ ದಫನ ಮಾಡಿ ಬಂದವನಿಗೆ ಹೇಳುವ ಮಾತಿದು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಕೇಳುವವನಿಗೆ ಅದು ‘ನಿನಗೆ ಅಳಲು ಪುರುಸೊತ್ತಿಲ್ಲ’ ಎಂದು ಕೇಳಿಸುತ್ತದೆ.

ಅಳುವುದು ಈಮಾನ್ ಕಡಿಮೆಯಾದುದರ ಲಕ್ಷಣವಲ್ಲ. ಪ್ರವಾದಿವರ್ಯರ(ಸ) ಏಳು ಮಕ್ಕಳಲ್ಲಿ ಆರು ಮಂದಿ ಅವರ ಜೀವಿತಾವಧಿಯಲ್ಲೇ ತೀರಿಕೊಂಡರು. ಉಳಿದವರು ಫಾತಿಮಾ(ರ) ಒಬ್ಬರೇ. ಸುಮಾರು ಒಂದೂವರೆ ವರ್ಷದ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿಯವರ(ಸ) ಕಣ್ಣಲ್ಲಿ ನೀರು ಹರಿಯಿತು. ತಾವೂ ಅಳುತ್ತೀರಾ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟಾಗ, ಅದು ಕರುಣೆ ಎಂದರು. ಅಲ್ಲಾಹನಿಗೆ ಅಪ್ರಿಯವಾದ ಮಾತು ಮಾತ್ರ ಅವರ ನಾಲಗೆಯಿಂದ ಬರಲಿಲ್ಲ. ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಬೇಡ ಎಂಬ ಹದೀಸನ್ನು ಹಿಡಿದು ನಾಲ್ಕನೇ ದಿನ ಅಳುವ ತಾಯಿಯನ್ನು ಗದರುವವರಿದ್ದಾರೆ. ಆ ಹದೀಸ್ ಅಲಂಕಾರ ಬಿಟ್ಟು ಶೋಕ ಆಚರಿಸುವ ಬಗ್ಗೆ. ಕಣ್ಣೀರಿಗೆ ಅದು ಗಡುವು ಹಾಕಿಲ್ಲ.

ನಮ್ಮ ಜಿಲ್ಲೆಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. 2010ರ ಮೇ 22ರ ಶನಿವಾರ ಮುಂಜಾನೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಬದುಕಿದವರು 8. ಮೃತಪಟ್ಟ 158 ಮಂದಿಯಲ್ಲಿ ಮಂಗಳೂರಿನವರು, ಕಾಸರಗೋಡಿನವರು, ನಮ್ಮ ಸಮುದಾಯದವರು ಎಷ್ಟೋ ಜನ. ಗುರುತು ಹಿಡಿಯಲಾಗದ ದೇಹಗಳಿಗಾಗಿ ಸಂಬಂಧಿಕರ ರಕ್ತದ ಮಾದರಿ ಹೈದರಾಬಾದಿಗೆ ಹೋಯಿತು. ಹಾಗಿದ್ದೂ ಗುರುತು ಸಿಗದ 12 ದೇಹಗಳನ್ನು ಕೂಳೂರು ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣು ಮಾಡಲಾಯಿತು. ಮಗನ ಖಬರ್ ಯಾವುದು ಎಂದು ತೋರಿಸಲು ಆಗದ ತಂದೆಗೆ ‘ಸಾಕು, ಮರೆತುಬಿಡು’ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಇನ್ನು ಹಿರಿಯರ ವಿಷಯ. ಅಜ್ಜ ಅಜ್ಜಿ ನಾವು ನೋಡಿಕೊಳ್ಳಬೇಕಾದವರು ಮಾತ್ರವಲ್ಲ, ಅವರೂ ಮೊಮ್ಮಗುವನ್ನು ಕಳೆದುಕೊಂಡವರು. ‘ನನ್ನನ್ನು ಕರೆದುಕೊಳ್ಳಬಾರದಿತ್ತೇ’ ಎಂದು ಅವರು ಗೋಡೆ ಕಡೆ ತಿರುಗಿ ಹೇಳುತ್ತಿರುತ್ತಾರೆ. ಊಟ ಬೇಡ ಎನ್ನುತ್ತಾರೆ, ರಾತ್ರಿ ಐದು ಸಲ ಕರೆಯುತ್ತಾರೆ. ಆಗ ನಮಗೆ ಸಿಟ್ಟು ಬರುತ್ತದೆ. ಸೂರಃ ಯೂಸುಫ್‌ನಲ್ಲಿ ಯಾಕೂಬ್(ಅ) ಮಗನ ದುಃಖದಲ್ಲಿ ಕಣ್ಣು ಕಳೆದುಕೊಂಡಾಗ, ಹೀಗೆ ನೆನೆಯುತ್ತಾ ನೀವು ನಾಶವಾಗುತ್ತೀರಿ ಎಂದು ಬೇಸರಿಸಿದವರು ಮನೆಯ ಮಕ್ಕಳೇ. ಅವರು ತಮ್ಮ ದುಃಖವನ್ನು ಅಲ್ಲಾಹನಲ್ಲಿ ತೋಡಿಕೊಂಡರು. ವರ್ಷಗಟ್ಟಲೆ ಅತ್ತ ಆ ಪ್ರವಾದಿಯನ್ನು ಕುರ್‌ಆನ್ ಸಹನೆಗೆಟ್ಟವರೆಂದು ಕರೆದಿಲ್ಲ.

ಮರೆವಿನ ಕಾಯಿಲೆ ಇರುವ ಹಿರಿಯರ ಮನೆಯವರು ನನ್ನಲ್ಲಿ ಕೇಳುವ ಪ್ರಶ್ನೆಯೊಂದಿದೆ. ‘ಮಗು ಎಲ್ಲಿ, ಇನ್ನೂ ಶಾಲೆಯಿಂದ ಬಂದಿಲ್ಲವಾ’ ಎಂದು ಅಜ್ಜಿ ದಿನವೂ ಕೇಳುತ್ತಾರೆ. ಪ್ರತಿದಿನ ಸಾವಿನ ಸುದ್ದಿ ಹೇಳಬೇಕೇ? ಹೇಳದಿದ್ದರೆ ಸುಳ್ಳಾಗುತ್ತದೆಯೇ?

ಇಲ್ಲಿ ನನಗೆ ಅಸ್ಮಾ(ರ) ನೆನಪಾಗುತ್ತಾರೆ. ಹಿಜ್ರಾ ಸಂದರ್ಭದಲ್ಲಿ ತಂದೆ ಅಬೂಬಕರ್(ರ) ಇದ್ದ ಹಣವನ್ನೆಲ್ಲ ಜೊತೆಗೆ ಒಯ್ದಿದ್ದರು. ಕಣ್ಣು ಕಾಣದ ಅಜ್ಜ ಅಬೂ ಖುಹಾಫ ಬಂದು, ಅವನು ಹೋದದ್ದಲ್ಲದೆ ಹಣವನ್ನೂ ಒಯ್ದನೇ ಎಂದು ಕಳವಳಪಟ್ಟರು. ಆಕೆ ಹಣವಿಡುವ ಗೂಡಿನಲ್ಲಿ ಕಲ್ಲುಗಳನ್ನಿಟ್ಟು, ಬಟ್ಟೆ ಮುಚ್ಚಿ, ಅಜ್ಜನ ಕೈಯನ್ನು ಅದರ ಮೇಲೆ ಇರಿಸಿದರು. ಮುದುಕರ ಮನಸ್ಸು ನಿರಾಳವಾಯಿತು. ಅವರನ್ನು ಸಮಾಧಾನಪಡಿಸುವುದೇ ನನ್ನ ಉದ್ದೇಶವಾಗಿತ್ತು ಎಂದು ಅವರೇ ಮುಂದೆ ಹೇಳಿದ್ದಾರೆ. ಆದ್ದರಿಂದ ದಿನವೂ ಗಾಯ ಕೆದಕಬೇಕಾಗಿಲ್ಲ. ‘ಅಲ್ಲಾಹನ ರಕ್ಷಣೆಯಲ್ಲಿದ್ದಾನೆ ಉಮ್ಮಾ, ದುಆ ಮಾಡಿ’ ಎನ್ನಿ. ಅದು ಸತ್ಯವೂ ಹೌದು. ಅಂದು ಅಸ್ಮಾರ(ರ) ಹೊಟ್ಟೆಯಲ್ಲಿದ್ದ ಮಗು ಅಬ್ದುಲ್ಲಾ. ಹಿಜರಿ 73ರಲ್ಲಿ ಮಕ್ಕಾದಲ್ಲಿ ಆ ಮಗ ಕೊಲ್ಲಲ್ಪಟ್ಟಾಗ ನೂರರ ಹತ್ತಿರದ ಆ ತಾಯಿಗೂ ದೃಷ್ಟಿ ಹೋಗಿತ್ತು. ಅಜ್ಜನ ಕೈ ಹಿಡಿದವರು ತಾವೇ ಆಸರೆ ಬೇಕಾದ ವಯಸ್ಸಿನಲ್ಲಿ ಮಗನನ್ನು ಕಳೆದುಕೊಂಡರು.

ಒಂದು ಮಾತನ್ನು ಗಂಡಸರಿಗೇ ಹೇಳಬೇಕು. ತಂದೆ ತಾಯಿಯ ಮುಂದೆ ಬೇಸರದ ಒಂದು ಉದ್ಗಾರವೂ ಕೂಡದೆಂದು ಕುರ್‌ಆನ್ ಆಜ್ಞಾಪಿಸಿದ್ದು ಮಕ್ಕಳಿಗೆ. ಅತ್ತೆ ಮಾವನಿಗೆ ಸೊಸೆ ಮಾಡುವ ಸೇವೆ ಅವಳ ಔದಾರ್ಯ. ಮಗು ಕಳೆದುಕೊಂಡ ತಾಯಿಯೇ ಮರುವಾರದಿಂದ ಗಂಜಿ ಬೇಯಿಸಿ, ಮಾತ್ರೆ ಕೊಟ್ಟು, ಹಾಸಿಗೆ ಬದಲಿಸುತ್ತಿದ್ದರೆ, ಗಂಡ ಮಸೀದಿಯ ಜಗಲಿಯಲ್ಲಿ ಕೂತು ಸಬ್ರ್‌ನ ಮಾತಾಡುವುದು ಸರಿಯಲ್ಲ. ಉಮ್ಮನ ಕಾಲು ತೊಳೆಯುವುದು ಅವನ ಪಾಲಿನ ಕೆಲಸ.

ಮುಅ್ತಾ ಯುದ್ಧದಲ್ಲಿ ಜಅ್ಫರ್(ರ) ಹುತಾತ್ಮರಾದಾಗ, ಅವರ ಮನೆಯವರಿಗೆ ಅಡುಗೆ ಮಾಡಿ ಕೊಡಿ ಎಂದು ಪ್ರವಾದಿಯವರು(ಸ) ಹೇಳಿದರು. ದುಃಖದಲ್ಲಿದ್ದವರಿಗೆ ಕೆಲಸ ಆಗುವುದಿಲ್ಲ ಎಂಬುದನ್ನು ಅವರು ಒಪ್ಪಿಕೊಂಡಿದ್ದರು. ನಮ್ಮಲ್ಲಿ ಹಲವು ಕಡೆ ಬಂದವರಿಗೆ ಚಹಾ ಕೊಡುವುದೂ ಆ ಮನೆಯವರ ಪಾಡಾಗಿದೆ. ಮೂರು ದಿನ ಪಾತ್ರೆ ತುಂಬ ಬಿರಿಯಾನಿ ಬರುತ್ತದೆ, ನಲ್ವತ್ತನೇ ದಿನ ಅಜ್ಜನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಆಟೋ ಹತ್ತಿಸುವವರಿಲ್ಲ. ಜೆಪ್ಪು ಮಾರ್ಕೆಟ್‌ನಿಂದ ವೆನ್ಲಾಕ್‌ಗೆ ಎಷ್ಟು ದೂರವಿದೆ? ಒಬ್ಬ ಅಣ್ಣ ಸೌದಿಯಲ್ಲಿ, ಇನ್ನೊಬ್ಬ ದುಬೈಯಲ್ಲಿದ್ದರೆ ಇಲ್ಲಿ ಉಳಿದವನು ಒಬ್ಬನೇ. ವಿದೇಶದಲ್ಲಿರುವವರು ಹಣ ಕಳುಹಿಸಿದರೆ ಸಾಲದು. ರಜೆಯಲ್ಲಿ ಒಂದು ತಿಂಗಳು ಉಮ್ಮನನ್ನು ತಮ್ಮ ವಶಕ್ಕೆ ಪಡೆದು, ಮಗು ಕಳೆದುಕೊಂಡ ಸಹೋದರನಿಗೆ ನಿದ್ದೆ ಮಾಡಲು ಬಿಡಬೇಕು.

ನಮ್ಮ ಮೊಹಲ್ಲಾದಲ್ಲಿ ಈ ವರ್ಷ ಮಗುವನ್ನು ಕಳೆದುಕೊಂಡ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳು ಯಾವುವು ಎಂಬುದು ಇಲ್ಲಿರುವವರಿಗೆ ಗೊತ್ತಿದೆ. ವಾರದಲ್ಲಿ ಒಂದು ರಾತ್ರಿ ಅಲ್ಲಿ ಕಾವಲು ಕೂರಬಲ್ಲ, ಅಥವಾ ಆಸ್ಪತ್ರೆಗೆ ಜೊತೆ ಹೋಗಬಲ್ಲ ಯುವಕರು ನಮಾಝ್ ಮುಗಿದ ಮೇಲೆ ಹೊರಡುವ ಮೊದಲು ಹೆಸರು ಬರೆಸಿ. ಹೆಂಗಸರು ಮಧ್ಯಾಹ್ನದ ಹೊತ್ತು ಹೋಗಿ ಅಜ್ಜಿಯ ಬಳಿ ಕೂತುಕೊಳ್ಳಲಿ. ಆ ಎರಡು ಗಂಟೆ ಆ ತಾಯಿ ಬಾಗಿಲು ಹಾಕಿಕೊಂಡು ಅಳಲಿ ಅಥವಾ ಮಲಗಲಿ, ಯಾರೂ ಬಡಿಯಬೇಡಿ.