ಕೂದಲು ತೊಟ್ಟ ಆನೆ

ಮೊನ್ನೆ ರಾತ್ರಿ ಹನಗೋಡಿನ ಹತ್ತಿರ ಮುಸುಕಿನ ಜೋಳಕ್ಕೆ ಇಳಿದ ಆನೆಗಳ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬೇಕು. ಎಲ್ಲರೂ ಸಲಗನ ಕೊಂಬಿನ ಮಾತಾಡಿದರು. ನನ್ನ ಕಣ್ಣು ಹಿಂದೆ ಬರುತ್ತಿದ್ದ ಮರಿಯ ನೆತ್ತಿಯ ಮೇಲೆ. ಟಾರ್ಚ್ ಬೆಳಕಿಗೆ ಅದರ ಕೆಂಚುಗೂದಲು ನೆಟ್ಟಗೆ ನಿಂತಿತ್ತು. ಬೆಳೆಯುತ್ತಾ ಅದು ಬಹುಪಾಲು ಉದುರುತ್ತದೆ. ಮಾವುತರಿಗೂ ಕಾವಾಡಿಗಳಿಗೂ ಇದೇನು ಹೊಸದಲ್ಲ. ನನಗೆ ಮಾತ್ರ ಹಳೇ ಸಿನಿಮಾ ಒಂದು ನೆನಪಾಯಿತು.

ಎಚ್.ಡಿ. ಕೋಟೆ ಕಾರಾಪುರದ ಮಾವುತನ ಮಗ ಸಾಬು ನಟಿಸಿದ 1937ರ ‘ಎಲಿಫೆಂಟ್ ಬಾಯ್’ ಇರಬೇಕು ಅಂದುಕೊಂಡಿರಾ? ಅದರ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ! ಇದು 1952ರ ‘ದ ಜಂಗಲ್’. ಸೇಲಂನ ಮಾಡರ್ನ್ ಥಿಯೇಟರ್ಸ್‌ನವರು ಅಮೆರಿಕದ ಕಂಪನಿಯೊಂದರ ಜೊತೆ ಸೇರಿ ತೆಗೆದದ್ದು. ನಿರ್ದೇಶಕ ವಿಲಿಯಂ ಬರ್ಕ್, ತಮಿಳಿನಲ್ಲಿ ‘ಕಾಡು’. ನಮ್ಮ ದೇಶದ ಮೊದಲ ವೈಜ್ಞಾನಿಕ ಕಲ್ಪನೆಯ ಸಿನಿಮಾ ಎನ್ನುವವರಿದ್ದಾರೆ. ಮೊದಲನೆಯದೋ ಎರಡನೆಯದೋ, ಇರಲಿ.

ಆನೆ ಹಿಂಡುಗಳು ಊರುಗಳ ಮೇಲೆ ನುಗ್ಗುತ್ತವೆ. ಕಾರಣ ಹುಡುಕಲು ಒಂದು ತಂಡ ಕಾಡಿಗೆ ಹೊರಡುತ್ತದೆ. ಅವನ್ನು ಅಟ್ಟುತ್ತಿರುವುದು ಮ್ಯಾಮತ್‌ಗಳು, ಎಂದೋ ಅಳಿದುಹೋದ ಉಣ್ಣೆಗೂದಲಿನ ಆನೆಗಳು ಅಂತ ಬೇಟೆಗಾರ ಹೇಳಿದರೆ ಯಾರೂ ನಂಬುವುದಿಲ್ಲ. ಕೊನೆಗೆ ಅವು ಬಂದೇ ಬರುತ್ತವೆ. ಹೇಗಂತೀರಿ? ಸಾಕಾನೆಗಳಿಗೇ ಮೈತುಂಬ ಕೂದಲು ತೊಡಿಸಿದ್ದಾರೆ! ಕಂಬಳಿ ಹೊದ್ದು ಹೊರಟ ಹಾಗೆ. ನಗು ಬರುತ್ತದೆ, ನಿಜ. ಆದರೆ ಒಳಗಿರುವುದು ಜೀವಂತ ಆನೆ, ಹೆಜ್ಜೆಗೆ ಮೋಸವಿಲ್ಲ. ಇವತ್ತಿನ ಕಂಪ್ಯೂಟರ್ ಮೃಗಗಳಿಗೆ ಆ ತೂಕ ಬರುವುದಿಲ್ಲ ಎಂಬುದು ನನ್ನ ಹಠ. ವೇಷ ಕಟ್ಟಿದವರು ವಿಜ್ಞಾನದಿಂದ ತೀರಾ ದೂರವೂ ಹೋಗಿರಲಿಲ್ಲ: ಮ್ಯಾಮತ್‌ಗೆ ಆಫ್ರಿಕಾದ ಆನೆಗಿಂತ ನಮ್ಮ ಆನೆಯೇ ಹತ್ತಿರದ ನೆಂಟ ಅಂತ ವಂಶವಾಹಿ ಪರೀಕ್ಷಿಸಿದವರು ಆಮೇಲೆ ಹೇಳಿದ್ದಾರೆ.

ವೇಷದ ತಮಾಷೆ ಹೋಗಲಿ, ನನಗೆ ಹಿಡಿಸಿದ್ದು ಅದರ ಪ್ರಶ್ನೆ. ಆನೆ ಊರಿಗೆ ಬಂದರೆ ಈ ಸಿನಿಮಾದವರು ಕಾಡಿನೊಳಗೆ ಏನಾಗಿದೆ ಅಂತ ನೋಡಲು ಹೋಗುತ್ತಾರೆ. ಕಂಡುಕೊಂಡ ಉತ್ತರ ಕಟ್ಟುಕಥೆ, ಅದು ಬೇರೆ ಮಾತು. ನಮ್ಮ ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ ಎಲ್ಲವೂ ಕಾಡಂಚಿನಲ್ಲೇ ನಿಲ್ಲುತ್ತವೆ. ರಾತ್ರಿಯೆಲ್ಲಾ ಅಟ್ಟಣೆಯಲ್ಲಿ ನಿದ್ದೆಗೆಟ್ಟು ಪಟಾಕಿ ಹೊಡೆದವನ ಮುಂದೆ ಕಾಡಿನ ಕಷ್ಟ ಹೇಳಲು ನನಗೂ ಬಾಯಿ ಬಾರದು; ಬೆಳೆ ಹೋದದ್ದು ಅವನದು. ಆದರೂ ಬಿದಿರು ಹೂಬಿಟ್ಟು ಒಣಗಿದ್ದು, ಲಂಟಾನ ಹಬ್ಬಿದ್ದು, ಖೆಡ್ಡಾ ನಡೆದ ಕಾಕನಕೋಟೆಯ ಕಾಡು ಕಬಿನಿ ಹಿನ್ನೀರಿಗೆ ಸಿಕ್ಕಿದ್ದು, ಇವಕ್ಕೆಲ್ಲ ಕೂದಲೂ ಇಲ್ಲ, ಕೊಂಬೂ ಇಲ್ಲ. ತೆರೆಯ ಮೇಲೆ ತೋರಿಸುವುದು ಕಷ್ಟ.

ಸಿನಿಮಾ ಹೆಚ್ಚುಕಡಿಮೆ ಒಂದೂಕಾಲು ಗಂಟೆಯದು. ಮೊದಲರ್ಧ ಎಳೆಯುತ್ತದೆ, ಎದ್ದು ಹೋಗಬೇಡಿ. ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳಿ. ಆನೆ ಯಾಕೆ ಬಂತು ಅಂತ ಅವರೇ ಕೇಳುತ್ತಾರೆ.