ಅರಸನ ಪತ್ರಕ್ಕೂ ಮಿಗಿಲಾದ ಕಾನೂನು

ಬಾಲ್ಕನ್ ಪ್ರದೇಶದ ಸೆರ್ಬಿಯಾವನ್ನು 14ನೇ ಶತಮಾನದಲ್ಲಿ ಆಳಿದ ಸ್ಟೆಫಾನ್ ದುಶಾನ್ ಪಟ್ಟವೇರಿದ್ದು ತಂದೆಯ ವಿರುದ್ಧವೇ ದಂಗೆಯೆದ್ದು. ಅದು 1331ರ ಮಾತು. ಸೆರೆ ಸಿಕ್ಕ ತಂದೆ ಅದೇ ವರ್ಷ ಸತ್ತ. ನೆರೆಯ ಬೈಜಾಂಟಿಯನ್ ಸಾಮ್ರಾಜ್ಯ ಒಳಜಗಳದಲ್ಲಿ ಸೊರಗಿದ್ದಾಗ ಮೆಸಿಡೋನಿಯಾದ ಬಹುಭಾಗವನ್ನು ಗೆದ್ದ ದುಶಾನ್, 1346ರಲ್ಲಿ ಸ್ಕೋಪಿಯೆಯಲ್ಲಿ ಚಕ್ರವರ್ತಿಯ ಕಿರೀಟ ಧರಿಸಿದ.

ಗೆದ್ದ ನೆಲ ಉಳಿಯಲಿಲ್ಲ. 1355ರಲ್ಲಿ ಅವನು ತೀರಿಕೊಂಡ ಮೇಲೆ ಮಗ ಉರೋಶನ ಕಾಲದಲ್ಲೇ ರಾಜ್ಯ ಪಾಳೆಯಗಾರರ ಪಾಲಾಯಿತು. ಉಳಿದದ್ದು ಅವನ ಕಾನೂನು ಸಂಹಿತೆ. 1349ರಲ್ಲಿ ಜಾರಿಗೆ ಬಂದ ಅದನ್ನು 1354ರಲ್ಲಿ ವಿಸ್ತರಿಸಲಾಯಿತು.

ಅದರಲ್ಲಿ ಸಮಾನತೆಯೇನೂ ಇರಲಿಲ್ಲ. ಪ್ರಭು ರೈತನನ್ನು ಬೈದರೆ 100 ನಾಣ್ಯ ದಂಡ. ರೈತ ಪ್ರಭುವನ್ನು ಬೈದರೆ ಅಷ್ಟೇ ದಂಡ, ಜೊತೆಗೆ ಸುಡುವ ಶಿಕ್ಷೆ. ಹಾಗಿದ್ದೂ ಒಡೆಯನ ನೆಲಕ್ಕೆ ಕಟ್ಟುಬಿದ್ದ ರೈತ ಆ ಒಡೆಯನ ಮೇಲೆ, ಚಕ್ರವರ್ತಿಯ ಮೇಲೂ ದಾವೆ ಹೂಡಬಹುದಿತ್ತು. ಚಕ್ರವರ್ತಿ ಕೋಪದಿಂದಲೋ ಪ್ರೀತಿಯಿಂದಲೋ ಕಾನೂನಿಗೆ ವಿರುದ್ಧವಾದ ಪತ್ರ ಕಳಿಸಿದರೆ ನ್ಯಾಯಾಧೀಶರು ಅದನ್ನು ಮನ್ನಿಸಬಾರದು, ಅವನಿಗೆ ಅಂಜಿ ತೀರ್ಪು ಕೊಡಬಾರದು ಎಂದೂ ಅದು ವಿಧಿಸಿತು.

ಬಲದಿಂದ ಗದ್ದುಗೆ ಹಿಡಿದವನೇ ಗದ್ದುಗೆಗೆ ಹಾಕಿದ ಕಡಿವಾಣವಿದು. ಅದನ್ನು ಬಿಗಿಹಿಡಿಯುವ ಹೊಣೆ ಬಿದ್ದದ್ದು ಮಾತ್ರ ಅಂಜದ ನ್ಯಾಯಾಧೀಶರ ಮೇಲೆ.