ನಮ್ಮ ಗಳಿಕೆ ನಮ್ಮ ಮಾತಿನಂತೆ: ಮೃತ್ಯುಪತ್ರದ ಬಗ್ಗೆ ನಾಲ್ಕು ಮಾತು

(ವಿಜಯಪುರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣ)



ನಮ್ಮ ಕಡೆ 'ಮೃತ್ಯುಪತ್ರ' ಅಂದ ಕೂಡಲೇ "ಅಪಶಕುನದ ಮಾತು ಬ್ಯಾಡ್ರಿ ಸಿಸ್ಟರ್" ಅಂತೀರಿ. ಉಯಿಲು, ವಿಲ್ ಅನ್ನುವುದೂ ಇದಕ್ಕೇ. ಇದನ್ನು ಬರೆದರೆ ಯಾರೂ ಬೇಗ ಸಾಯುವುದಿಲ್ಲ. ನಾವು ಗಳಿಸಿದ್ದು ನಮ್ಮ ನಂತರ ಯಾರಿಗೆ ಸೇರಬೇಕೆಂದು ನಾವೇ ಹೇಳುವ ಕಾಗದ ಇದು, ಅಷ್ಟೇ.

"ನಮ್ಮ ಹತ್ರ ಬರೆಯಾಕ ಏನೈತ್ರಿ?" ಎಂದು ಕೇಳಬಹುದು. ಸಂಘದ ಉಳಿತಾಯ, ಎಮ್ಮೆ, ಹೊಲಿಗೆ ಯಂತ್ರ, ಮೈಮೇಲಿನ ಬಂಗಾರ, ನಿಮ್ಮ ಹೆಸರಿನ ಹೊಲ, ಇವೆಲ್ಲ ಆಸ್ತಿಯೇ. ನೀರಾವರಿ ಬಂದ ಹೊಲಕ್ಕೆ ಬೆಲೆ ಬರುತ್ತದೆ, ಬೆಲೆಯ ಹಿಂದೆ ಜಗಳವೂ ಬರುತ್ತದೆ.

2009ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮದುವೆಯಾಗಿ ಮೂರು ತಿಂಗಳೊಳಗೆ ಒಬ್ಬ ಹೆಣ್ಣುಮಗಳ ಗಂಡ ತೀರಿಕೊಂಡ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು, ಅವಳು ನೌಕರಿ ಮಾಡಿ ಹಣ ಕೂಡಿಟ್ಟಳು. 1996ರಲ್ಲಿ ವಿಲ್ ಬರೆಯದೆ ತೀರಿಕೊಂಡಳು. ಆ ಹಣ ಸೇರಿದ್ದು ಗಂಡನ ಸಹೋದರಿಯ ಮಕ್ಕಳಿಗೆ!

ಯಾಕೆ ಹೀಗಾಯಿತು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡ-ಮಕ್ಕಳಿಲ್ಲದ ಹೆಣ್ಣುಮಗಳು ತಾನೇ ದುಡಿದ ಆಸ್ತಿ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಾಯಿಯ ಸರದಿ ಆಮೇಲೆ. ತಂದೆ-ತಾಯಿಯಿಂದ ವಾರಸಾಗಿ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ಮರಳುತ್ತದೆ. ಅದಕ್ಕೇ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ, ಮಹಿಳೆಯರು ವಿಲ್ ಬರೆದಿಡಬೇಕೆಂದು ಮನವಿ ಮಾಡಿತು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಇಷ್ಟೇ:

1. ಬರೆಯುವವರಿಗೆ 18 ತುಂಬಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು. ಹೆದರಿಸಿ, ಮೋಸ ಮಾಡಿ ಬರೆಸಿಕೊಂಡದ್ದು ನಡೆಯುವುದಿಲ್ಲ.

2. ನಮ್ಮದನ್ನೇ ಬರೆಯಬೇಕು. ಗಂಡನ ಹೆಸರಿನ ಮನೆಯನ್ನು ಹೆಂಡತಿ ಬರೆಯಲಾಗದು.

3. ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಓದು ಬಾರದಿದ್ದರೆ, ಓದಿಸಿ ಕೇಳಿದ ಮೇಲೆಯೇ ಒತ್ತಿರಿ. ಓದಿ ಹೇಳಿದವರ ಹೆಸರನ್ನೂ ಬರೆಸಿರಿ.

4. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಮಾಡಿದ್ದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ನಿಮ್ಮ ಬಾಯಿಂದ ಕೇಳಿರಬೇಕು. ಅವರೂ ನಿಮ್ಮ ಎದುರಿಗೇ ಸಹಿ ಹಾಕಬೇಕು. ಹೆಚ್ಚಿನ ವಿಲ್‌ಗಳು ಎಡವುವುದು ಇಲ್ಲೇ.

ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿರಿ. ಕ್ರೈಸ್ತರಲ್ಲಿ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ-ಹೆಂಡತಿಗೆ ಬರೆದ ಪಾಲು ರದ್ದಾಗುತ್ತದೆ, ಹಿಂದೂಗಳಲ್ಲಿಯೂ ಅನುಮಾನಕ್ಕೆ ದಾರಿ. ನಾಳೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರೇ, ಆದ್ದರಿಂದ ನಿಮಗಿಂತ ಚಿಕ್ಕ ವಯಸ್ಸಿನವರಿರಲಿ. ಮುಸ್ಲಿಂ ಸಹೋದರಿಯರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಸಾಮಾನ್ಯವಾಗಿ ಮೂರನೇ ಒಂದು ಭಾಗದವರೆಗೆ ಮಾತ್ರ ಬರೆಯಬಹುದು, ಅದಕ್ಕೆ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು.

ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಮನಸ್ಸು ಬದಲಾದರೆ ಎಷ್ಟು ಸಲವಾದರೂ ಬದಲಿಸಬಹುದು. ತಾರೀಖು ಹಾಕಿರಿ, ಹಳೆಯದು ರದ್ದು ಎಂದು ಬರೆಯಿರಿ. ಜೀವ ಇರುವವರೆಗೆ ಆಸ್ತಿ ನಿಮ್ಮದೇ.

"ಪಾಸ್‌ಬುಕ್ಕಿನ್ಯಾಗ ನಾಮಿನಿ ಹಾಕೇವಲ್ರೀ?" ಎನ್ನುತ್ತೀರಿ. ಬ್ಯಾಂಕ್ ಖಾತೆಯ ನಾಮಿನಿ ಹಣವನ್ನು ಕೈಗೆ ಪಡೆಯುವವರು ಮಾತ್ರ. ಅದು ಸೇರಬೇಕಾದದ್ದು ವಿಲ್‌ನಲ್ಲಿ ಹೇಳಿದವರಿಗೆ, ವಿಲ್ ಇಲ್ಲದಿದ್ದರೆ ವಾರಸುದಾರರಿಗೆ.

ವಕೀಲರ ಫೀ ಎಲ್ಲಿಂದ ತರೋಣ ಎಂಬ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ, 15100ಕ್ಕೆ ಫೋನ್ ಮಾಡಿರಿ. ಮುಂದಿನ ಸಭೆಯೊಳಗೆ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಏನೇನಿದೆ ಎಂಬ ಪಟ್ಟಿ ಮಾಡಿಕೊಂಡು ಬನ್ನಿರಿ. ಅಲ್ಲಿಂದ ಶುರು ಮಾಡೋಣ.